ಆಟಿಯ ತೇವ ಮತ್ತು ಸಿಲಿಕಾದ ರಂಧ್ರ

ಮೀಥೈಲ್ ಬೆಂಝಾಯಿಲ್‌ಫಾರ್ಮೇಟ್ ಎಂಬ ಎಸ್ಟರಿಗೆ ಹೈಡ್ರೋಜನ್ ಸೇರಿಸಿ ಅಪಕರ್ಷಿಸಿದರೆ ಮೀಥೈಲ್ ಮ್ಯಾಂಡಲೇಟ್ ಸಿಗುತ್ತದೆ. ಎಡಗೈ-ಬಲಗೈಗಳಂತೆ ಒಂದಕ್ಕೊಂದು ಕನ್ನಡಿಬಿಂಬವಾದ ಅದರ ಎರಡು ರೂಪಗಳಲ್ಲಿ ಒಂದನ್ನೇ ಹೆಚ್ಚಾಗಿ ಪಡೆಯುವುದು ನನ್ನ ಕೆಲಸವಾಗಿತ್ತು. ಕ್ರಿಯಾವರ್ಧಕವಾದ ನನ್ನ ಕೈರಲ್ (ಎಡ-ಬಲ ಭೇದವಿರುವ) ರೋಡಿಯಂ ಸಂಕೀರ್ಣವನ್ನು ದ್ರಾವಣದಲ್ಲಿ ಕರಗಿಸಿ ಬಳಸಿದಾಗ ಕ್ರಿಯೆ ಚುರುಕಾಗಿಯೇ ನಡೆಯುತ್ತಿತ್ತು, ಆದರೆ ಎರಡೂ ರೂಪಗಳು ಹೆಚ್ಚುಕಡಿಮೆ ಸಮಪಾಲಾಗಿ ಬರುತ್ತಿದ್ದವು. ಕೇಂಬ್ರಿಜ್‌ನ ರಸಾಯನಶಾಸ್ತ್ರಜ್ಞರಾದ ಜಾನ್ ಮ್ಯೂರಿಗ್ ಥಾಮಸ್, ರಾಬರ್ಟ್ ರಾಜಾ ಮತ್ತು ಸಂಗಡಿಗರು ಇದೇ ಎಸ್ಟರಿನ ಮೇಲೆ ಕೆಲಸ ಮಾಡಿ, ಇಂಥ ಸಂಕೀರ್ಣವನ್ನು ಸಿಲಿಕಾದ ರಂಧ್ರಗಳೊಳಗೆ ಕೂರಿಸಿದರೆ, ಆ ರಂಧ್ರದ ವ್ಯಾಸ 25ರಿಂದ 6ಕ್ಕೆ, ಅಲ್ಲಿಂದ 3.8 ನ್ಯಾನೋಮೀಟರಿಗೆ ಇಳಿದಂತೆ ಆಯ್ಕೆ ಚೊಕ್ಕವಾಗುವುದನ್ನು 2003ರಲ್ಲಿ ತೋರಿಸಿದ್ದರು. ಬಯಲಿನಲ್ಲಿರುವ ಲೋಹವನ್ನು ಅಣು ಯಾವ ಮಗ್ಗುಲಿನಿಂದಲೂ ಮುಟ್ಟಬಹುದು. ಇಕ್ಕಟ್ಟಾದ ಕೊಳವೆಯ ಗೋಡೆ ಒಂದು ಮಗ್ಗುಲನ್ನು ಬಹುಮಟ್ಟಿಗೆ ಮುಚ್ಚಿಬಿಡುತ್ತದೆ.

ನಾನು ಆರಿಸಿಕೊಂಡದ್ದು ಮೊಬಿಲ್ ಕಂಪನಿಯ ಸಂಶೋಧಕರು 1992ರಲ್ಲಿ ಪ್ರಕಟಿಸಿದ ಎಂಸಿಎಂ-41 ಎಂಬ ರಂಧ್ರಮಯ ಸಿಲಿಕಾ. ಇದರ ರಂಧ್ರಗಳು ಜೇನುಗೂಡಿನಂತೆ ಜೋಡಿಸಿಕೊಂಡಿರುತ್ತವೆ. ಒಂದು ಗ್ರಾಮಿನ ಮೇಲ್ಮೈ ಸುಮಾರು 1,000 ಚದರ ಮೀಟರ್. ಪುಡಿಯನ್ನು 550 ಡಿಗ್ರಿಯಲ್ಲಿ ಸುಟ್ಟು, ಮೊದಲು ಸ್ವಲ್ಪವೇ ಡೈಫೀನೈಲ್‌ಡೈಕ್ಲೋರೋಸಿಲೇನ್ ಎಂಬ ಸಿಲಿಕಾನ್ ಸಂಯುಕ್ತ ಹಾಕಿ ಕಣದ ಹೊರಮೈಯನ್ನು ನಿಷ್ಕ್ರಿಯಗೊಳಿಸಿ, ಆಮೇಲೆ ಬ್ರೋಮೋಪ್ರೊಪೈಲ್ ಟ್ರೈಕ್ಲೋರೋಸಿಲೇನ್‌ನ ಕೊಂಡಿಯನ್ನು ಒಳಗೋಡೆಗೆ ಕಟ್ಟಿ, ಅದಕ್ಕೆ ಲಿಗ್ಯಾಂಡನ್ನೂ (ಲೋಹವನ್ನು ಹಿಡಿದಿಡುವ ಅಣು) ಕೊನೆಗೆ ಲೋಹವನ್ನೂ ಸೇರಿಸಬೇಕು.

ಮೊದಲ ಸಲ ನಾನು ಇದನ್ನು ಮಾಡಿದ್ದು ಆಟಿ ತಿಂಗಳಿನಲ್ಲಿ, ಮಂಗಳೂರಿನ ಮಳೆ ಬಿಡುವು ಕೊಡದ ವಾರವೊಂದರಲ್ಲಿ. ಆ ದಿನಗಳಲ್ಲಿ ಡಬ್ಬಿಯ ಮುಚ್ಚಳ ಸಡಿಲವಿದ್ದರೆ ಹಲಸಿನ ಹಪ್ಪಳ ಮೆತ್ತಗಾಗುವುದನ್ನು ಬಲ್ಲ ನಾನೇ, ಸುಟ್ಟ ಸಿಲಿಕಾವನ್ನು ತಟ್ಟೆಯಲ್ಲಿ ತೆರೆದಿಟ್ಟು ತೂಗುತ್ತ ಕುಳಿತಿದ್ದೆ. ಸಿಲೇನ್ ಬಾಟಲಿ ತೆರೆದೊಡನೆ ಗಾಳಿಯ ತೇವ ತಾಗಿ ಬಿಳಿ ಹೊಗೆ ಎದ್ದಾಗಲಾದರೂ ಎಚ್ಚರವಾಗಬೇಕಿತ್ತು. ತೇವ ಕುಡಿದ ಪುಡಿಯ ಮೇಲೆ ಆ ಸಿಲೇನ್ ತನಗೆ ತಾನೇ ಹೆಣೆದುಕೊಂಡು ರಂಧ್ರದ ಬಾಯಲ್ಲೇ ಗಡ್ಡೆ ಕಟ್ಟಿತು. ನೈಟ್ರೋಜನ್ ಹೀರಿಕೆಯ ಅಳತೆಯಲ್ಲಿ ಮೇಲ್ಮೈ ಕುಸಿದಿತ್ತು. ಲೋಹ ಬಾಗಿಲಲ್ಲೇ ಕುಳಿತದ್ದರಿಂದ ಆಯ್ಕೆಯೂ ದ್ರಾವಣದಲ್ಲಿ ಕಂಡದ್ದಕ್ಕಿಂತ ಮೇಲೇರಲಿಲ್ಲ. ಲಿಗ್ಯಾಂಡನ್ನೇ ದೂರುತ್ತ ಎರಡು ತಿಂಗಳು ಕಳೆದೆ.

ಮರುಪ್ರಯತ್ನದಲ್ಲಿ ಪುಡಿಯನ್ನು ನಿರ್ವಾತದಲ್ಲಿ ರಾತ್ರಿಯಿಡೀ 150 ಡಿಗ್ರಿಯಲ್ಲಿ ಒಣಗಿಸಿ, ಅದೇ ಫ್ಲಾಸ್ಕಿನಲ್ಲಿ, ಗಾಳಿ ಸೋಕದಂತೆ ಆರ್ಗಾನ್ ಅಡಿಯಲ್ಲಿ, ಸೋಡಿಯಂ ಮೇಲೆ ಬಟ್ಟಿ ಇಳಿಸಿದ ಟಾಲ್ವೀನ್ ಸೇರಿಸಿದೆ. ಎರಡು ರೂಪಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಉಪಕರಣದ ಕೈರಲ್ ಕಾಲಮ್ಮಿನಲ್ಲಿ ಅಕ್ಕಪಕ್ಕ ಸಮನಾಗಿ ನಿಲ್ಲುತ್ತಿದ್ದ ಎರಡು ಶಿಖರಗಳಲ್ಲಿ ಒಂದು ಕಣ್ಣಿಗೆ ಕಾಣುವಷ್ಟು ತಗ್ಗಿತು. ಮೂರು ಬಾರಿ ಮರುಬಳಸಿದರೂ ಹಾಗೆಯೇ ಉಳಿಯಿತು. ನಾಲ್ಕನೆಯ ಬಾರಿ ಬಿಸಿಯಿದ್ದಾಗಲೇ ಸೋಸಿದ ದ್ರವ ತಿಳಿಹಳದಿಯಾಗಿತ್ತು. ಪುಡಿಯಿಲ್ಲದೆಯೂ ಅದರಲ್ಲಿ ಕ್ರಿಯೆ ಮುಂದುವರಿಯಿತು. ಲೋಹ ಸೋರಿದ್ದು ಖಚಿತವಾದ್ದರಿಂದ ಆ ಸುತ್ತಿನ ಅಂಕಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.