ಲ್ಯಾಡರ್ ಇಳಿಸಿದೆ, ನೀರು ಏರಿತು

ನೀರಿನ ತಳವನ್ನು ಕೊರೆದು ಮಣ್ಣು ತೆಗೆಯುವ ಹಡಗು, ಅಂದರೆ ಕಟರ್ ಡ್ರೆಜರ್‌ನಲ್ಲಿ ಲಿವರ್ ಹಿಡಿದ ಹೊಸತು. ಚಾರ್ಟ್ ಡೇಟಮ್‌ನಿಂದ (ನಕ್ಷೆಯಲ್ಲಿ ಆಳ ಅಳೆಯುವ ಸೊನ್ನೆ ಮಟ್ಟ) 8 ಮೀಟರ್ ಆಳ ತೋಡಬೇಕಿತ್ತು. ನೀರು ಡೇಟಮ್‌ಗಿಂತ 1 ಮೀಟರ್ ಮೇಲಿದ್ದುದರಿಂದ ಲ್ಯಾಡರನ್ನು (ತುದಿಯಲ್ಲಿ ಮಣ್ಣು ಕೊರೆಯುವ ಕಟರ್ ಇರುವ ಉದ್ದ ತೋಳು) 9 ಮೀಟರ್ ಇಳಿಸಿದೆ. ಲೆಕ್ಕ ಸರಿಯಿತ್ತು. ಆದರೆ ಉಬ್ಬರ ಶುರುವಾಗಿತ್ತು. ಡ್ರೆಜರ್ ಏರಿದರೆ ಲ್ಯಾಡರ್ ತುದಿಯ ಕಟರೂ ಏರುತ್ತೆ, ಅಲ್ವಾ? ನಾನು ಅರ್ಧ ಗಂಟೆಗೊಮ್ಮೆ ನೀರಿನ ಮಟ್ಟ ತೋರಿಸುವ ಟೈಡ್ ಗೇಜ್ ನೋಡಿ ಸರಿಮಾಡುತ್ತಿದ್ದೆ. ಮರುದಿನ ಸರ್ವೆ ನಕ್ಷೆ ನೋಡಿದರೆ ತಳವೆಲ್ಲ ಮೆಟ್ಟಿಲು ಮೆಟ್ಟಿಲು. ಒಂದೊಂದು ಮೆಟ್ಟಿಲೂ ಮೊಣಕಾಲೆತ್ತರ! ಆ ಜಾಗವನ್ನೆಲ್ಲ ಮತ್ತೆ ತೋಡಬೇಕಾಯಿತು.

ನೀರು ಒಂದೇ ವೇಗದಲ್ಲಿ ಏರುವುದಿಲ್ಲ ಅನ್ನುವುದನ್ನೇ ಮರೆತಿದ್ದೆ. ದಿನಕ್ಕೆರಡು ಉಬ್ಬರ ಬರುವ ಕಡೆ ಏರಿಕೆಗೆ ಸುಮಾರು 6 ಗಂಟೆ. ಒಟ್ಟು ಏರಿಕೆಯನ್ನು 12 ಪಾಲು ಮಾಡಿದರೆ ಗಂಟೆಗಂಟೆಗೆ 1, 2, 3, 3, 2, 1 ಪಾಲು. ಒಟ್ಟು ಏರಿಕೆ 4 ಮೀಟರ್ ಇದ್ದರೆ ನಡುವಿನ ಎರಡು ಗಂಟೆಯಲ್ಲೇ 2 ಮೀಟರ್. ಆ ಹೊತ್ತಿನಲ್ಲಿ ಐದು ನಿಮಿಷಕ್ಕೊಮ್ಮೆ ಆಳ ಸರಿಮಾಡುತ್ತೇನೆ. ಇಳಿತದಲ್ಲಿ ತಪ್ಪು ಉಲ್ಟಾ: ಕಟರ್ ಬೇಡದ ಆಳಕ್ಕೆ ಹೋಗುತ್ತೆ, ಆ ಹೆಚ್ಚಿನ ಮಣ್ಣಿಗೆ ಸಾಮಾನ್ಯವಾಗಿ ದುಡ್ಡು ಸಿಗಲ್ಲ. ಈಗ ಜಿಪಿಎಸ್ ನೀರಿನ ಮಟ್ಟವನ್ನು ಪರದೆಗೇ ತಂದುಕೊಡುತ್ತೆ. ಆದರೂ ಗೇಜ್ ಹಲಗೆಯತ್ತ ಒಮ್ಮೆ ನೋಡದೆ ನನಗೆ ಸಮಾಧಾನ ಇಲ್ಲ. ಗಾಳಿ ಜೋರಾದ ದಿನ ಟೈಡ್ ಟೇಬಲ್ (ಉಬ್ಬರ ಇಳಿತದ ವೇಳಾಪಟ್ಟಿ) ಹೇಳಿದ್ದೇ ಒಂದು, ನೀರು ನಿಂತಿದ್ದೇ ಇನ್ನೊಂದು.

ಅಂದಿನಿಂದ ಶಿಫ್ಟ್ ಪಟ್ಟಿಗಿಂತ ಮೊದಲು ಟೈಡ್ ಟೇಬಲ್ ತೆಗೆಯುತ್ತೇನೆ. ಉಬ್ಬರ ದಿನದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತೆ, ಆದ್ದರಿಂದ ಈ ವಾರದ ಟೈಮ್ ಮುಂದಿನ ವಾರಕ್ಕೆ ಬರಲ್ಲ. ಆಳ ಕಮ್ಮಿ ಇರುವ ಅಂಚುಗಳನ್ನು ತುಂಬು ಉಬ್ಬರದಲ್ಲಿ ತೋಡುತ್ತೇವೆ. ಮಣ್ಣು ತುಂಬಿದ ಬಾರ್ಜ್ ಹೊರಡುವುದೂ ಆಗಲೇ. ಆಂಕರ್ ಎತ್ತಿ ಹಾಕುವುದನ್ನು ಸೆಳೆತ ನಿಂತ ಹೊತ್ತಿಗೆ ಇಟ್ಟುಕೊಳ್ಳುತ್ತೇವೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ಸೆಳೆತ ಜಾಸ್ತಿ. ಮಣ್ಣು ಸಾಗಿಸುವ ತೇಲುವ ಪೈಪ್‌ಲೈನ್ ಬಿಲ್ಲಿನ ಹಾಗೆ ಬಾಗುತ್ತೆ, ಜಾಯಿಂಟ್‌ಗಳ ಮೇಲೆ ಕಣ್ಣಿಟ್ಟಿರಬೇಕು.

ಎಲ್ಲರೂ ಮರೆಯುವುದು ಎಂಜಿನ್ ತಣ್ಣಗಿಡುವ ನೀರು. ಒಮ್ಮೆ ಇಳಿತದಲ್ಲಿ ತಳ ಹತ್ತಿರವಾಗಿ, ಆ ನೀರೆಳೆಯುವ ಇನ್‌ಟೇಕ್ ಕೆಸರು ಎಳೆಯಿತು. ಟೆಂಪರೇಚರ್ ಮುಳ್ಳು ಏರಿತು. ಫಿಲ್ಟರ್ ಬಿಚ್ಚಿದರೆ ಒಳಗೆ ಕರಿ ರಾಡಿ, ಅದರ ನಡುವೆ ಒಂದು ಪುಟ್ಟ ಏಡಿ, ಜೀವಂತ.