ಎರಡು ಜ್ವರಗಳ ಬಿಡುವಿನಲ್ಲಿ ಕಟ್ಟಿದ ಕಾದಂಬರಿ: ನನ್ನ ಅನುಭವ

ಇಬ್ಬರು ಹೆಂಗಸರ ಪ್ರೇಮವನ್ನು ಶಿಡ್ಲಘಟ್ಟದ ಕಡೆಯ ರೇಷ್ಮೆ ಊರಿನಲ್ಲಿ, ತೋಟ ಗುಡ್ಡಗಳ ಬಯಲಿನಲ್ಲೇ ನಡೆಸಿ, ಕೊನೆಗೆ ಇಬ್ಬರನ್ನೂ ಬದುಕಿಸಿ ಒಟ್ಟಿಗೆ ಇರಿಸುವ ಕಾದಂಬರಿ ಓಡುವುದಿಲ್ಲವೆಂದು ನನಗೆ ಹೇಳಿದವರು ಬಹಳ ಮಂದಿ. ಕಥೆಯನ್ನು ಬೆಂಗಳೂರಿಗೆ ಸಾಗಿಸಿ ಎಂದವರಿದ್ದರು. ಒಬ್ಬಳನ್ನು ಸಾಯಿಸಿದರೆ ಅಚ್ಚು ಹಾಕುತ್ತೇವೆ ಎಂದ ಪ್ರಕಾಶಕರೂ ಇದ್ದರು. ಮೊದಲ ಮುದ್ರಣದ 500 ಪ್ರತಿಗಳು ಹೆಚ್ಚುಕಡಿಮೆ ವರ್ಷದೊಳಗೆ ಮುಗಿದಿರುವುದರಿಂದ, ಅದು ಹೇಗಾಯಿತೆಂದು ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ನನ್ನನ್ನು ಬಹುಕಾಲ ಕಾಡಿದ್ದು ಪುರುಸೊತ್ತಿನ ಪ್ರಶ್ನೆ. ಹಳ್ಳಿಯ ಹೆಂಗಸಿಗೆ ಮನೆಯೊಳಗೆ ಬಾಗಿಲು ಹಾಕಿಕೊಳ್ಳುವ ಕೋಣೆಯಿಲ್ಲ, ಹೊರಗೆ ಸುಮ್ಮನೆ ಕೂರುವ ಹೊತ್ತಿಲ್ಲ. ಮೊದಲ ಕರಡಿನಲ್ಲಿ ನಾಯಕಿಯರು ಮನಸ್ಸು ಬಂದಾಗಲೆಲ್ಲ ಊರ ಹಿಂದಿನ ಬಂಡೆಗುಡ್ಡ ಹತ್ತುತ್ತಿದ್ದರು. ಅದನ್ನು ಓದಿದ ರೇಷ್ಮೆ ಬೆಳೆಗಾರ್ತಿಯೊಬ್ಬರು, "ನಾಲ್ಕನೇ ಜ್ವರ ಎದ್ದ ಹುಳ ಮನೇಲಿಟ್ಕೊಂಡು ಗುಡ್ಡಕ್ಕೆ ಹೋಗೋರು ಯಾರಮ್ಮ?" ಎಂದು ಹಸ್ತಪ್ರತಿಯನ್ನು ಅಲ್ಲಿಗೇ ಮುಚ್ಚಿಟ್ಟರು. ಜ್ವರವೆಂದರೆ ಕಾಯಿಲೆಯಲ್ಲ, ರೇಷ್ಮೆ ಹುಳು ಮೇವು ನಿಲ್ಲಿಸಿ ಪೊರೆ ಕಳಚುವ ಹೊತ್ತು; ಗೂಡು ಕಟ್ಟುವ ಮೊದಲು ಅದು ನಾಲ್ಕು ಬಾರಿ ಬರುತ್ತದೆ. ನಡುವೆ ರೇಷ್ಮೆಯನ್ನು ಬಿಟ್ಟು ಕೋಲಾರದ ಟೊಮೆಟೊ ತೋಟಕ್ಕೆ ಕಥೆಯನ್ನು ಒಯ್ದು ನೋಡಿದೆ. ಅಲ್ಲಿ ಕೊಯ್ಲು ಶುರುವಾದರೆ ಮೂರು ನಾಲ್ಕು ದಿನಕ್ಕೊಮ್ಮೆ ಕೀಳಬೇಕು, ಕ್ರೇಟು ತುಂಬಬೇಕು, ಮಂಡಿಗೆ ಕಳಿಸಬೇಕು. ಆ ಓಟದಲ್ಲಿ ಪ್ರೇಮಕ್ಕೆ ಉಸಿರಾಡಲು ಜಾಗವೇ ಸಿಗದೆ ಸುಮಾರು 60 ಪುಟ ಬದಿಗೆ ಹೋಯಿತು.

ದಾರಿ ತೋರಿಸಿದ್ದು ಹುಳುವೇ. ಜ್ವರಕ್ಕೆ ಕೂತ ಹುಳು ತಿನ್ನುವುದಿಲ್ಲ; ಹಾಸಿಗೆಯ ಮೇಲೆ ಸುಣ್ಣದ ಪುಡಿ ಉದುರಿಸಿ, ಅದು ಪೊರೆ ಕಳಚಿ ಏಳುವವರೆಗೆ ಸುಮಾರು ಒಂದು ಹಗಲು ಒಂದು ರಾತ್ರಿ ಸೊಪ್ಪು ಹಾಕದೆ ಬಿಡುತ್ತಾರೆ. ಎರಡನೇ ಜ್ವರ ದಾಟುವವರೆಗೆ ಬೇರೆಡೆ ಸಾಕಿದ ಎಳೆಯ ಹುಳುವನ್ನು, ಅಂದರೆ ಚಾಕಿ ಹುಳುವನ್ನು ತರುವ ಮನೆಯಲ್ಲಿ ಬೆಳೆಗೆ ಇಂತಹ ಬಿಡುವು ಎರಡೇ ಬಾರಿ. ನಾಯಕಿಯರು ಒಬ್ಬರನ್ನೊಬ್ಬರು ಬಯಲಿನಲ್ಲಿ ಕಾಣುವುದು ಈ ಎರಡು ರಾತ್ರಿಗಳಲ್ಲಿ ಮಾತ್ರ ಎಂದು ಗೆರೆ ಎಳೆದುಕೊಂಡ ಮೇಲೆ, ಓದುಗರೂ ಅವರ ಜೊತೆ ಜ್ವರದ ದಿನ ಎಣಿಸತೊಡಗಿದರು. ಮೂರನೇ ಜ್ವರದ ರಾತ್ರಿ ಆಳೆತ್ತರ ಬೆಳೆದ ಹಿಪ್ಪುನೇರಳೆ ಸಾಲಿನಲ್ಲಿ ಒಬ್ಬಳ ಮುಂಗೈಯನ್ನು ಇನ್ನೊಬ್ಬಳು ಹಿಡಿಯುತ್ತಾಳೆ. ತೊಳೆಯದೆ ಬಂದ ಕೈಯ ಸುಣ್ಣ ನಾಲ್ಕು ಬೆರಳಿನ ಬಿಳಿ ಗುರುತಾಗಿ ಉಳಿದು, ಬೆಳಿಗ್ಗೆ ಅತ್ತೆಯ ಕಣ್ಣಿಗೆ ಬೀಳುತ್ತದೆ. ಆ ಅಧ್ಯಾಯದ ಬಗ್ಗೆ ನನಗೆ ಹೆಮ್ಮೆಯಿದೆ. ನಾಲ್ಕನೇ ಜ್ವರದ ನಂತರದ ಒಂದು ವಾರ, ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಬಹುಪಾಲನ್ನು ಹುಳು ಮುಗಿಸುವ ಆ ದಿನಗಳಲ್ಲಿ, ಇಬ್ಬರಿಗೂ ಮಾತಿಲ್ಲ. ರಾತ್ರಿಯಿಡೀ ಸೋನೆ ಮಳೆಯಂತೆ ಸೊಪ್ಪು ಮೇಯುವ ಸದ್ದು ಮಾತ್ರ. ಮೂರನೇ ಬೆಳೆಗೆ ಹಾಲುತೊಂಡೆ ರೋಗ ತಗುಲಿಸಿ ಸಾಲ ಏರಿಸಿದೆ, ವಿರಹಕ್ಕೆ ಬೇರೆ ಕಾರಣ ಹುಡುಕಬೇಕಾಗಲಿಲ್ಲ.

ಮಾತಿನ ಹದಕ್ಕೆ ಒಂದು ಪ್ರಯೋಗ ಮಾಡಿದೆ: ನಮ್ಮ ಕಡೆ ಅನೇಕ ಮನೆಗಳಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಇಬ್ಬರೂ ಜಗಳವನ್ನು ತೆಲುಗಿನಲ್ಲಿ ಆಡಿ ಕನ್ನಡದಲ್ಲಿ ರಾಜಿಯಾಗುತ್ತಾರೆ. ಮೊದಲ ಮುತ್ತಿನ ಪುಟವನ್ನು ನಮ್ಮ ಮನೆಯ ಹಿರಿಯರೂ ಮುಖ ತಿರುಗಿಸದೆ ಓದುವಂತೆ ಬರೆದ ಬಗೆಯನ್ನು ಮಾತ್ರ ಇಲ್ಲಿ ಬಿಡಿಸಿ ಹೇಳುವುದಿಲ್ಲ; ಮುಂದಿನ ಕಾದಂಬರಿಗೂ ಅದು ಬೇಕಾಗಿದೆ.

ಕೊನೆಯ ಅಧ್ಯಾಯ ಎರಡು ತೀರ್ಪುಗಳ ನಡುವೆ ಬದಲಾಯಿತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ವಯಸ್ಕರು ಪರಸ್ಪರ ಒಪ್ಪಿ ನಡೆಸುವ ಸಂಬಂಧವನ್ನು ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡ ಸಂಹಿತೆಯ 377ನೇ ಕಲಮಿನ ಹಿಡಿತದಿಂದ ಬಿಡಿಸಿದ ಮೇಲೆ ಹಳೆಯ ಕರಡಿನ ಪೊಲೀಸ್ ಠಾಣೆಯ ದೃಶ್ಯವನ್ನು ತೆಗೆದುಹಾಕಿದೆ. 2023ರ ಅಕ್ಟೋಬರ್ 17ರ ತೀರ್ಪು ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ಕೊಡಲಿಲ್ಲವಾದ್ದರಿಂದ ಮದುವೆಯ ನೋಂದಣಿಯಲ್ಲಿ ಕಥೆ ಮುಗಿಸುವಂತಿರಲಿಲ್ಲ. ಬದಲಿಗೆ ಇಬ್ಬರೂ ಒಂದೂವರೆ ಎಕರೆ ಹಿಪ್ಪುನೇರಳೆ ತೋಟವನ್ನು ಇಬ್ಬರ ಹೆಸರಿನಲ್ಲೂ ಗುತ್ತಿಗೆಗೆ ಹಿಡಿಯುತ್ತಾರೆ, ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯುತ್ತಾರೆ. ಛಾಪಾ ಕಾಗದದ ಮೇಲಿನ ಆ ಎರಡು ಸಹಿಗಳಿಗೆ ಅತ್ತೆವೆಂದು ಬರೆದ ಓದುಗರಿದ್ದಾರೆ.

ಹಣದ ವಿಷಯಕ್ಕೆ ಬಂದರೆ, ನಾನೇ ಪ್ರಕಟಿಸಿದೆ. ಡಿಟಿಪಿ, ಕರಡು ತಿದ್ದುವಿಕೆ, ಮುಖಪುಟ, ಮುದ್ರಣ ಸೇರಿ 55,000 ರೂಪಾಯಿಯ ಆಸುಪಾಸು ಹೋಯಿತು. ಇದರ ಮೇಲೆ, ಡಿಟಿಪಿ ಮಾಡಿದವರು ಯೂನಿಕೋಡ್ ಕಡತವನ್ನು ‘ನುಡಿ’ ತಂತ್ರಾಂಶದ ಅಕ್ಷರಕ್ಕೆ ಬದಲಿಸುವಾಗ ಅರ್ಕಾವೊತ್ತುಗಳನ್ನೆಲ್ಲ ಕೆಡಿಸಿದ್ದರಿಂದ ಪುಟವಿನ್ಯಾಸಕ್ಕೆ ಮತ್ತೊಮ್ಮೆ 3,000ದಷ್ಟು ತೆತ್ತೆ. ಬೆಲೆ 220 ಇಟ್ಟಿದ್ದೆ. ಅಂಗಡಿಗಳು ಶೇಕಡಾ 40 ಕೇಳಿದ್ದರಿಂದ ಹೆಚ್ಚಿನದನ್ನು ಅಂಚೆಯಲ್ಲಿ ನೇರವಾಗಿ ಕಳಿಸಿದೆ. ಎಲ್ಲ ಕಳೆದು ಹತ್ತು ಹನ್ನೆರಡು ಸಾವಿರ ಉಳಿಯಿತು. ಅರವತ್ತಕ್ಕೂ ಹೆಚ್ಚು ಪ್ರತಿಗಳು ಗೂಡಿನ ಮಾರುಕಟ್ಟೆಯ ಹತ್ತಿರದ ಒಂದು ಝೆರಾಕ್ಸ್ ಅಂಗಡಿಯಿಂದಲೇ ಹೋದವು, ಕೊಂಡವರಲ್ಲಿ ಗೂಡು ಮಾರಲು ಬಂದ ಹೆಂಗಸರೇ ಹೆಚ್ಚು. ಇಂತಹ ಪ್ರೇಮವನ್ನು ಹಳ್ಳಿಯವರು ಒಪ್ಪುವುದಿಲ್ಲ ಎನ್ನುತ್ತಿದ್ದ ಪ್ರಕಾಶಕರಿಗೆ ಆ ಅಂಗಡಿಯ ಲೆಕ್ಕದ ಪುಸ್ತಕವನ್ನು ತೋರಿಸಿದ್ದೇನೆ. ಎರಡನೇ ಮುದ್ರಣವನ್ನು ಅವರೇ ಕೇಳಿದರು; ಕೊಡಲಿಲ್ಲ, 300 ಪ್ರತಿಗಳನ್ನು ನಾನೇ ಹಾಕಿಸುತ್ತಿದ್ದೇನೆ.