ಹಿರಿಯ ಮೆಲ್ಟರ್ ನಿವೃತ್ತರಾಗುವ ಮುನ್ನ: ಅವರ ಕೈಗುಣವನ್ನು ಉಳಿಸಿಕೊಂಡು ದೊಡ್ಡ ನಿರ್ಧಾರಕ್ಕೆ ಬಳಸುವ ಬಗೆ

ಬೆಳಗಾವಿಯ ಉದ್ಯಮಬಾಗದಲ್ಲಿ ಕಾಣಸಿಗುವಂಥ ಒಂದು ಮಧ್ಯಮ ಗಾತ್ರದ ಫೌಂಡ್ರಿಯನ್ನು ಕಣ್ಣ ಮುಂದೆ ಇಟ್ಟುಕೊಳ್ಳಿ. ಗ್ರೇ ಐರನ್‌ನಲ್ಲಿ (ಬೂದು ಎರಕದ ಕಬ್ಬಿಣದಲ್ಲಿ) ಪಂಪ್ ಮತ್ತು ವಾಲ್ವ್ ಬಾಡಿಗಳನ್ನು ಎರಕ ಹೊಯ್ಯುತ್ತಾರೆ. ಲೋಹ ಕರಗಿಸುವ ಫರ್ನೇಸ್ ನೋಡಿಕೊಳ್ಳುವ ಹಿರಿಯರು, ಅಂದರೆ ಮೆಲ್ಟರ್, ಇನ್ನು ಆರು ತಿಂಗಳಿಗೆ ನಿವೃತ್ತರಾಗುತ್ತಾರೆ. ಅದೇ ಹೊತ್ತಿಗೆ ಎಸ್‌ಜಿ ಐರನ್‌ನ (ಮೆಗ್ನೀಸಿಯಂ ಬೆರೆಸಿ ಒಳಗಿನ ಗ್ರ್ಯಾಫೈಟನ್ನು ಗುಂಡಗಾಗಿಸಿದ ಎರಕದ ಕಬ್ಬಿಣದ) ದೊಡ್ಡ ಆರ್ಡರ್ ಒಂದು ಬಾಗಿಲು ತಟ್ಟಿದೆ. ನಿವೃತ್ತಿಯ ಫೈಲು ಎಚ್‌ಆರ್ ಮೇಜಿನಲ್ಲಿ, ಆರ್ಡರ್ ಫೈಲು ಮಾರ್ಕೆಟಿಂಗ್ ಮೇಜಿನಲ್ಲಿ. ಈ ಎರಡು ಫೈಲುಗಳನ್ನು ಒಂದೇ ಮೇಜಿಗೆ ತರಬೇಕು. ಆರ್ಡರ್ ಹಿಡಿಯಬಹುದೇ ಎಂದು ಹೇಳಬಲ್ಲ ಅನುಭವ ಇರುವುದು ನಿವೃತ್ತರಾಗಲಿರುವ ಆ ಹಿರಿಯರಲ್ಲಿ. ಅವರು ಹೋದಮೇಲೆ ಅದನ್ನು ಕೇಳಲು ಯಾರೂ ಉಳಿಯುವುದಿಲ್ಲ.

ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 9001ರ 2015ರ ಆವೃತ್ತಿಯಲ್ಲಿ 7.1.6 ಎಂಬ ಕಲಮು ಹೊಸದಾಗಿ ಸೇರಿತು. ಸಂಸ್ಥೆ ತನ್ನ ಕೆಲಸಕ್ಕೆ ಬೇಕಾದ ಜ್ಞಾನ ಯಾವುದೆಂದು ಗುರುತಿಸಿ ಕಾಪಾಡಿಕೊಳ್ಳಬೇಕು ಎಂಬುದು ಅದರ ತಿರುಳು. ಬಹಳ ಕಡೆ ಆಡಿಟ್‌ಗೆಂದು ಒಂದು ತರಬೇತಿ ರಿಜಿಸ್ಟರ್ ತೋರಿಸಿ ಮುಗಿಸುತ್ತಾರೆ. ಕೆಳಗಿನ ಕ್ರಮವನ್ನು ನಿಜವಾಗಿ ಮಾಡಿದರೆ ಆಡಿಟ್‌ಗೂ ಆಗುತ್ತದೆ, ಕೆಲಸಕ್ಕೂ ಬರುತ್ತದೆ.

ಯಾವುದನ್ನು ಉಳಿಸಬೇಕು?

ಮೂವತ್ತು ವರ್ಷದ ಅನುಭವವನ್ನೆಲ್ಲ ಬರೆದಿಡುತ್ತೇವೆಂದು ಹೊರಡಬೇಡಿ. ಎರಡನೇ ವಾರಕ್ಕೇ ಕೆಲಸ ನಿಂತುಹೋಗುತ್ತದೆ. ಸೂಪರ್‌ವೈಸರ್, ಮಷಿನ್ ಶಾಪ್‌ನವರು ಮತ್ತು ಆ ಹಿರಿಯರನ್ನು ಒಂದು ಗಂಟೆ ಒಟ್ಟಿಗೆ ಕೂರಿಸಿ, ಅವರು ತೆಗೆದುಕೊಳ್ಳುವ ತೀರ್ಮಾನಗಳನ್ನು ಪಟ್ಟಿ ಮಾಡಿ. ಗಮನಿಸಿ, ಬೇಕಿರುವುದು ಕೆಲಸಗಳ ಪಟ್ಟಿಯಲ್ಲ, ತೀರ್ಮಾನಗಳ ಪಟ್ಟಿ. "ಫರ್ನೇಸ್ ಚಾರ್ಜ್ ಮಾಡುವುದು" ಕೆಲಸ. "ಈ ಸ್ಕ್ರ್ಯಾಪ್ ಹಾಕಬೇಕೋ, ಬದಿಗಿಡಬೇಕೋ" ಎಂಬುದು ತೀರ್ಮಾನ.

ಪ್ರತಿಯೊಂದರ ಮುಂದೆ ಮೂರು ಅಂಕಿ ಬರೆಯಿರಿ: ಅವರಲ್ಲದೆ ಇನ್ನೆಷ್ಟು ಜನ ಈ ತೀರ್ಮಾನ ಮಾಡಬಲ್ಲರು, ತಿಂಗಳಿಗೆ ಎಷ್ಟು ಸಲ ಬರುತ್ತದೆ, ತಪ್ಪಿದರೆ ಎಷ್ಟು ರೂಪಾಯಿ ನಷ್ಟ. ಮೊದಲ ಅಂಕಿ ಸೊನ್ನೆ ಇದ್ದು ಮೂರನೆಯದು ದೊಡ್ಡದಿರುವ ಮೂರೋ ನಾಲ್ಕೋ ತೀರ್ಮಾನಗಳನ್ನು ಮಾತ್ರ ಆರಿಸಿ. ಅಪರೂಪಕ್ಕೆ ಬರುವುದನ್ನು ಬಿಟ್ಟುಬಿಡಬೇಡಿ. ವರ್ಷಕ್ಕೆ ಎರಡೇ ಸಲ ಬರುವ ತೊಂದರೆಯನ್ನು ಹೊಸಬ ನೋಡಿ ಕಲಿಯುವ ಅವಕಾಶವೇ ಇರುವುದಿಲ್ಲ. ಹೆಚ್ಚು ಪೆಟ್ಟು ಕೊಡುವುದೂ ಅದೇ.

"ನೋಡಿದ್ರ ತಿಳೀತೈತ್ರಿ" ಎಂಬ ಉತ್ತರವನ್ನು ದಾಟುವುದು

ಗ್ರೇ ಐರನ್ ಮಾಡುವವರಿಗೆ ವೆಜ್ ಟೆಸ್ಟ್ ಗೊತ್ತು. ಕೋರ್ ಮರಳಿನ ಅಚ್ಚಿನಲ್ಲಿ ಬೆಣೆ ಆಕಾರದ ತುಂಡು ಹೊಯ್ದು, ತಣಿಸಿ, ಮುರಿದು, ತುದಿಯಲ್ಲಿ ಎಷ್ಟು ದೂರ ಬೆಳ್ಳಗಾಗಿದೆ ಎಂದು ನೋಡುತ್ತಾರೆ. ಆ ಬಿಳಿ ಭಾಗವೇ ಚಿಲ್. ಅದು ಹೆಚ್ಚಾದರೆ ತೆಳು ಅಂಚಿರುವ ಕಾಸ್ಟಿಂಗ್ ಗಡುಸಾಗಿ ಮಷಿನ್ ಶಾಪ್‌ನಲ್ಲಿ ಡ್ರಿಲ್ ಮುರಿಯುತ್ತದೆ.

ಹಿರಿಯರನ್ನು "ಕಾಕಾ, ವೆಜ್ ಹೆಂಗ ನೋಡ್ತೀರಿ?" ಎಂದು ಕೇಳಿದರೆ "ನೋಡಿದ್ರ ತಿಳೀತೈತ್ರಿ, ಅದೇನ್ ಹೇಳೂದು" ಎಂಬ ಉತ್ತರ ಬರುತ್ತದೆ. ಅವರು ಗುಟ್ಟು ಬಚ್ಚಿಡುತ್ತಿಲ್ಲ. ಕಣ್ಣು ಕಂಡುಹಿಡಿದದ್ದನ್ನು ನಾಲಿಗೆ ಎಂದೂ ಹೇಳಿ ರೂಢಿಯಿಲ್ಲ, ಅಷ್ಟೆ. 1980ರ ದಶಕದಲ್ಲಿ ಅಗ್ನಿಶಾಮಕ ದಳದ ಕಮಾಂಡರ್‌ಗಳನ್ನು ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಅವರಿಗೂ ಇದೇ ತೊಡಕು ಎದುರಾಯಿತು. ಹಲವು ದಾರಿಗಳನ್ನು ಹೋಲಿಸಿ ನೋಡುವುದು ಕಮಾಂಡರ್‌ಗಳಿಗೆ ಅಪರೂಪವಾಗಿತ್ತು. ಪರಿಸ್ಥಿತಿ ಗುರುತು ಸಿಕ್ಕಕೂಡಲೇ ಏನು ಮಾಡಬೇಕೆಂದು ಹೊಳೆಯುತ್ತಿತ್ತು. ಆ ಗುರುತುಗಳನ್ನು ಹೊರತೆಗೆಯಲು ಅವರ ತಂಡ ರೂಪಿಸಿದ ಸಂದರ್ಶನ ಕ್ರಮ ಫೌಂಡ್ರಿಗೂ ಹೊಂದುತ್ತದೆ: ಸಾಮಾನ್ಯ ಪ್ರಶ್ನೆ ಬಿಟ್ಟು, ನಡೆದ ಒಂದೇ ಘಟನೆಯನ್ನು ಹಿಡಿದು ನಾಲ್ಕು ಸಲ ಸುತ್ತಿ ಬರುವುದು.

ಮೊದಲ ಸುತ್ತಿನಲ್ಲಿ ಅಡ್ಡಮಾತಾಡದೆ ಪೂರ್ತಿ ಕೇಳಿ. ಎರಡನೆಯದರಲ್ಲಿ ಗಂಟೆ-ನಿಮಿಷದ ಸಮೇತ ಕ್ರಮವಾಗಿ ಬರೆದು, ಅವರಿಗೆ ಓದಿಹೇಳಿ ತಿದ್ದಿಸಿಕೊಳ್ಳಿ. ಮೂರನೆಯದು ಮುಖ್ಯವಾದದ್ದು, ತೀರ್ಮಾನ ಬದಲಾದ ಪ್ರತಿ ಗಳಿಗೆಯಲ್ಲೂ ನಿಂತು ಏನು ಕಂಡಿತು, ಯಾವುದು ಎಂದಿನಂತಿರಲಿಲ್ಲ ಎಂದು ಕೆದಕಬೇಕು. ನಾಲ್ಕನೆಯದರಲ್ಲಿ "ಹೊಸಬ ಇದ್ದಿದ್ದರೆ ಎಲ್ಲಿ ಎಡವುತ್ತಿದ್ದ?" ಎಂದು ಕೇಳಿ. ಮೂರನೇ ಸುತ್ತು ಸಾಮಾನ್ಯವಾಗಿ ಹೀಗೆ ಸಾಗುತ್ತದೆ:

"ಕಾಕಾ, ಮೋಲ್ಡಿಂಗ್ ಮಷಿನ್ ಬಂದ್ ಬಿದ್ದು ಲೋಹ ಫರ್ನೇಸ್‌ನ್ಯಾಗ ನಿಂತಿತ್ತಲ್ಲ, ಅವತ್ತ ಮೊದಲ ಏನ್ ನೋಡಿದ್ರಿ?"

"ಸ್ಪೆಕ್ಟ್ರೋ ರಿಪೋರ್ಟ್ ಚಲೋನ ಇತ್ರಿ. ಆದ್ರ ವೆಜ್ ಮುರದಾಗ ತುದಿ ಭಾಳ ಬೆಳ್ಳಗ ಇತ್ತು."

"ರಿಪೋರ್ಟ್ ಸರಿ ಐತಿ ಅಂದಮ್ಯಾಲ ಯಾಕ ನಂಬಲಿಲ್ಲ?"

"ಕಾಯಿಸಿ ಭಾಳ ಹೊತ್ತ ನಿಂದ್ರಿಸಿದ ಲೋಹ ಹಂಗ ಆಗತೈತ್ರಿ. ಕಾರ್ಬನ್ ಅಷ್ಟ ಇರತೈತಿ, ಗುಣ ಬ್ಯಾರೆ."

ಆ ಕೊನೆಯ ಮಾತಿನಲ್ಲಿ ಲೋಹಶಾಸ್ತ್ರದ ಒಂದು ಪಾಠವೇ ಇದೆ. ಹೆಚ್ಚು ಬಿಸಿಯಲ್ಲಿ ಹೆಚ್ಚು ಹೊತ್ತು ಹಿಡಿದಿಟ್ಟರೆ ಗ್ರ್ಯಾಫೈಟ್ ಹರಳುಗಟ್ಟಲು ಬೇಕಾದ ಬೀಜಕಣಗಳು ಕರಗಿಹೋಗುತ್ತವೆ. ಸ್ಪೆಕ್ಟ್ರೋಮೀಟರ್ ಧಾತುಗಳ ಪ್ರಮಾಣ ಅಳೆಯುತ್ತದೆಯೇ ಹೊರತು ಬೀಜಕಣಗಳನ್ನು ಎಣಿಸುವುದಿಲ್ಲ. ವೆಜ್ ಅದನ್ನು ತೋರಿಸುತ್ತದೆ. "ವೆಜ್ ನೋಡುವುದು ಹೇಗೆ" ಎಂಬ ಪ್ರಶ್ನೆಯಿಂದ ಇದು ಎಂದಿಗೂ ಹೊರಬರುತ್ತಿರಲಿಲ್ಲ.

ಒಂದು ಘಟನೆಗೆ ತೊಂಬತ್ತು ನಿಮಿಷ, ವಾರಕ್ಕೆ ಒಂದೇ ಸಂದರ್ಶನ. ಇದಕ್ಕೆ ಆಫೀಸಿನ ಕುರ್ಚಿ ಬೇಡ, ಫರ್ನೇಸ್ ಪಕ್ಕದಲ್ಲಿ ಶಿಫ್ಟ್ ಮುಗಿದಮೇಲೆ ಕೂರಿ. ಕೇಳುವವರು ಅವರ ಮೇಲಧಿಕಾರಿ ಆಗಿರಬಾರದು. ಆಗಿದ್ದರೆ ತಪ್ಪಿದ ಹೀಟ್‌ಗಳ (ಒಂದು ಸಲಕ್ಕೆ ಕರಗಿಸುವ ಲೋಹಕ್ಕೆ ಹೀಟ್ ಎನ್ನುತ್ತಾರೆ) ಕಥೆ ಹೊರಗೆ ಬರುವುದಿಲ್ಲ, ಬೇಕಾಗಿರುವುದು ಮಾತ್ರ ಅವೇ.

ಒಂದು ಪುಟ, ಅದಕ್ಕಿಂತ ಹೆಚ್ಚು ಬೇಡ

ನಲವತ್ತು ನಿಮಿಷದ ವಿಡಿಯೋವನ್ನು ರಾತ್ರಿ ಪಾಳಿಯವರು ನೋಡುವುದಿಲ್ಲ. ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ್ದು ಮೂರನೇ ದಿನಕ್ಕೆ ಮೇಲೆ ಸರಿದುಹೋಗುತ್ತದೆ. ಒಂದು ತೀರ್ಮಾನಕ್ಕೆ ಒಂದು ಪುಟ ಮಾಡಿ, ಲ್ಯಾಮಿನೇಟ್ ಮಾಡಿಸಿ, ತೀರ್ಮಾನ ನಡೆಯುವ ಜಾಗದಲ್ಲೇ ತೂಗುಹಾಕಿ. ಅದರಲ್ಲಿ ಐದು ಸಾಲು ಸಾಕು: ಏನು ಕಾಣುತ್ತದೆ, ಅದರ ಅರ್ಥವೇನು, ಏನು ಮಾಡಬೇಕು, ಎಲ್ಲಿ ನಿಲ್ಲಿಸಬೇಕು, ಏಕೆ.

ವೆಜ್ ಹಾಳೆಯ ಮಾದರಿ: ಚಿಲ್ 4 ಮಿಲಿಮೀಟರ್ ಒಳಗಿದ್ದರೆ ಹೊಯ್ಯಿರಿ. 4ರಿಂದ 7 ಇದ್ದರೆ 500 ಕೆಜಿ ಲೇಡಲ್‌ಗೆ (ಕರಗಿದ ಲೋಹ ಹೊಯ್ಯುವ ಪಾತ್ರೆಗೆ) ಇನಾಕ್ಯುಲೆಂಟ್ (ಗ್ರ್ಯಾಫೈಟ್‌ಗೆ ಬೀಜಕಣ ಒದಗಿಸುವ ಪುಡಿ) 500 ಗ್ರಾಂ, ಅಂದರೆ 0.1 ಶೇಕಡಾ, ಹೆಚ್ಚುವರಿ ಹಾಕಿ ಮತ್ತೆ ವೆಜ್ ತೆಗೆಯಿರಿ. 7 ದಾಟಿದರೆ ಹೊಯ್ಯಬೇಡಿ, ಶಿಫ್ಟ್ ಇಂಚಾರ್ಜ್‌ರನ್ನು ಕರೆಯಿರಿ. ಈ ಮಿಲಿಮೀಟರ್‌ಗಳು ಉದಾಹರಣೆಗೆ ಮಾತ್ರ. ನಿಮ್ಮ ವೆಜ್‌ನ ಅಳತೆ ಮತ್ತು ಕಾಸ್ಟಿಂಗ್‌ನ ದಪ್ಪಕ್ಕೆ ತಕ್ಕಂತೆ ಹಿರಿಯರೊಂದಿಗೆ ಕೂತು ಗೊತ್ತುಮಾಡಿಕೊಳ್ಳಬೇಕು.

ಜಾಗ ಉಳಿಸಲೆಂದು "ಏಕೆ" ಎಂಬ ಸಾಲನ್ನು ಬಿಟ್ಟುಬಿಡುವವರಿದ್ದಾರೆ. ಅದು ದೊಡ್ಡ ತಪ್ಪು. ಇನಾಕ್ಯುಲೆಂಟ್‌ನ ಪರಿಣಾಮ ನಿಮಿಷ ನಿಮಿಷಕ್ಕೂ ಇಳಿಯುತ್ತದೆ ಎಂಬ ಕಾರಣ ಗೊತ್ತಿಲ್ಲದವನು ಅಷ್ಟೇ ಗ್ರಾಂ ಹಾಕಿ, ಕ್ರೇನ್‌ಗೆ ಕಾಯುತ್ತ ಹದಿನೈದು ನಿಮಿಷ ಲೇಡಲ್ ನಿಲ್ಲಿಸಿ, ಆಮೇಲೆ ಹೊಯ್ಯುತ್ತಾನೆ. ಹಾಳೆಯ ಪ್ರಕಾರ ಎಲ್ಲ ಸರಿ, ಕಾಸ್ಟಿಂಗ್ ಮಾತ್ರ ರಿಜೆಕ್ಟ್.

ಹಾಳೆಯ ಜೊತೆಗೆ ಒಂದು ಟ್ರೇ ಇಡಿ. ಮುರಿದ ವೆಜ್‌ಗಳನ್ನು 2, 4, 6, 8 ಮಿಲಿಮೀಟರ್ ಎಂದು ಚೀಟಿ ಅಂಟಿಸಿ ಸಾಲಾಗಿ ಜೋಡಿಸಿ. ಮುರಿದ ಮುಖಕ್ಕೆ ಪಾರದರ್ಶಕ ಲ್ಯಾಕರ್ ಸ್ಪ್ರೇ ಹೊಡೆಯದಿದ್ದರೆ ಬೆಳಗಾವಿಯ ಮಳೆಗಾಲದಲ್ಲಿ ತುಕ್ಕು ಹಿಡಿದು ಬಿಳಿ-ಬೂದಿಯ ಗೆರೆಯೇ ಕಾಣದಾಗುತ್ತದೆ.

ಕಾಗದದಿಂದ ಕೈಗೆ

1985ರಲ್ಲಿ ಜಪಾನಿನ ಮತ್ಸುಶಿತಾ ಕಂಪನಿಯವರಿಗೆ ಮನೆಯಲ್ಲೇ ಬ್ರೆಡ್ ಮಾಡುವ ಯಂತ್ರ ಕೈಗೂಡುತ್ತಿರಲಿಲ್ಲ. ಹೊರಗೆ ಕಪ್ಪಾದರೂ ಒಳಗೆ ಬೇಯುತ್ತಿರಲಿಲ್ಲ. ಹಿಟ್ಟಿನ ಎಕ್ಸ್‌ರೇ ನೋಡಿದರೂ ಪ್ರಯೋಜನವಾಗಲಿಲ್ಲ. ಇಕುಕೊ ತನಾಕಾ ಎಂಬ ಸಾಫ್ಟ್‌ವೇರ್ ತಜ್ಞೆ ಒಸಾಕಾದ ಹೋಟೆಲೊಂದರ ಮುಖ್ಯ ಬೇಕರ್ ಬಳಿ ಶಿಷ್ಯೆಯಾಗಿ ನಾದುವುದನ್ನು ಕಲಿತರು. ಆ ಬೇಕರ್ ಹಿಟ್ಟನ್ನು ಎಳೆಯುವಾಗ ಜೊತೆಗೇ ತಿರುಚುತ್ತಿದ್ದುದು ಆಗ ಕಂಡಿತು. ಯಂತ್ರದೊಳಗೆ ಏಣುಗಳನ್ನು ಕೂರಿಸಿ ಆ ತಿರುಚನ್ನು ತಂದರು. ಜ್ಞಾನ ನಿರ್ವಹಣೆಯ ಅಧ್ಯಯನದಲ್ಲಿ ಇಕುಜಿರೋ ನೊನಾಕಾ ಅವರು ಪ್ರಸಿದ್ಧಗೊಳಿಸಿದ ಉದಾಹರಣೆ ಇದು. ತನ್ನ ಕೈ ತಿರುಚುತ್ತಿದೆ ಎಂಬುದನ್ನು ಹೇಳಿಕೊಡಲು ಆ ಬೇಕರ್‌ಗೂ ಹೊಳೆದಿರಲಿಕ್ಕಿಲ್ಲ. ಪಕ್ಕದಲ್ಲಿ ನಿಂತು ಮಾಡಿದವರಿಗೆ ಅದು ಕಂಡಿತು.

ಫೌಂಡ್ರಿಯಲ್ಲಿ ಇದನ್ನೇ ಹೀಗೆ ಮಾಡಿ. ಪ್ರತಿ ಹೀಟ್‌ನಲ್ಲೂ ವೆಜ್ ಮುರಿದಕೂಡಲೇ ಕಲಿಯುವವನು ತನ್ನ ಓದನ್ನೂ ತೀರ್ಮಾನವನ್ನೂ ಮೊದಲು ಬರೆಯಲಿ, ಉದಾಹರಣೆಗೆ "5 ಮಿ.ಮೀ., 500 ಗ್ರಾಂ ಹಾಕಿ". ಆಮೇಲೆ ಹಿರಿಯರು ತಮ್ಮದನ್ನು ಹೇಳಲಿ. ಮೂರನೇ ಕಾಲಂನಲ್ಲಿ ಮರುದಿನ ಮಷಿನ್ ಶಾಪ್‌ನಿಂದ ಬಂದ ಗಡಸುತನದ ಅಂಕಿ ತುಂಬಿ. ದಿನಕ್ಕೆ ನಾಲ್ಕು ಹೀಟ್ ಎಂದರೆ ಎರಡು ವಾರದಲ್ಲಿ ಹತ್ತಿರ ಐವತ್ತು ಸಾಲು ಸಿಗುತ್ತದೆ. ಕೊನೆಯ ಇಪ್ಪತ್ತರಲ್ಲಿ ಹದಿನೆಂಟಾದರೂ ಹೊಂದಿದರೆ ಅವನು ಒಬ್ಬನೇ ನಿಲ್ಲಬಹುದು. ಹಿರಿಯರು ಮೊದಲು ಬಾಯಿಬಿಟ್ಟರೆ ಇಡೀ ಅಭ್ಯಾಸ ವ್ಯರ್ಥ. ಶಿಷ್ಯ ತಲೆಯಾಡಿಸುತ್ತಾನೆ, ಕಲಿತ ಹಾಗೆ ಕಾಣುತ್ತದೆ.

ಕಲಿಕೆ ಕೈಗೂಡದಿದ್ದಾಗ "ಅವನಿಗೆ ಮನಸ್ಸಿಲ್ಲ" ಎನ್ನುವುದು ನಮ್ಮಲ್ಲಿ ಸಲೀಸು. ನಿರ್ವಹಣಾ ಸಂಶೋಧಕ ಗೇಬ್ರಿಯಲ್ ಶುಲಾನ್‌ಸ್ಕಿ 1996ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. 8 ಕಂಪನಿಗಳೊಳಗೆ ಒಂದು ಕಡೆಯ ಒಳ್ಳೆಯ ಪದ್ಧತಿಯನ್ನು ಇನ್ನೊಂದು ಕಡೆಗೆ ದಾಟಿಸಿದ 122 ಸಂದರ್ಭಗಳನ್ನು ಪರಿಶೀಲಿಸಿದಾಗ ಎದ್ದುಕಂಡ ಅಡ್ಡಿಗಳು ಮೂರು: ಪಡೆಯುವವನಿಗೆ ತಳಪಾಯದ ತಿಳಿವಳಿಕೆ ಇಲ್ಲದಿರುವುದು, ಪದ್ಧತಿ ಏಕೆ ಫಲ ಕೊಡುತ್ತದೆಂಬುದು ಕೊಡುವವನಿಗೇ ಸ್ಪಷ್ಟವಿಲ್ಲದಿರುವುದು, ಇಬ್ಬರ ನಡುವಿನ ಸಂಬಂಧ ಬಿಗಿಯಾಗಿರುವುದು. ಹಾಗಾಗಿ ಶಿಷ್ಯನನ್ನು ಹಿರಿಯರೇ ಆರಿಸಲಿ. ಕಾರ್ಬನ್ ಈಕ್ವಿವಲೆಂಟ್ (ಕಾರ್ಬನ್, ಸಿಲಿಕಾನ್ ಮುಂತಾದವುಗಳ ಒಟ್ಟು ಪ್ರಭಾವವನ್ನು ಒಂದೇ ಅಂಕಿಯಲ್ಲಿ ಹೇಳುವ ಅಳತೆ) ಎಂದರೇನೆಂದು ತಿಳಿಯದ ಹುಡುಗನಿಗೆ ಮೊದಲು ಒಂದು ವಾರ ಅದನ್ನು ಕಲಿಸಿ. ಕಲಿಸುವ ತಿಂಗಳುಗಳಲ್ಲಿ ಹಿರಿಯರ ಪ್ರೊಡಕ್ಷನ್ ಇನ್ಸೆಂಟಿವ್ ಕಡಿಮೆಯಾಗದಂತೆ ಸರಾಸರಿ ಹಿಡಿದು ಕೊಟ್ಟುಬಿಡಿ. ಕಲಿಸಿದ್ದಕ್ಕೆ ಸಂಬಳ ಕಡಿತವಾದರೆ ಯಾರೂ ಕಲಿಸುವುದಿಲ್ಲ, ಕಲಿಸಬೇಕೆಂದು ಬಯಸುವ ಹಕ್ಕು ನಮಗೂ ಇರುವುದಿಲ್ಲ.

ಆರ್ಡರ್ ಫೈಲಿನ ಮುಂದೆ ಆ ಜ್ಞಾನವನ್ನು ಕೂರಿಸುವುದು

ಈಗ ಎಸ್‌ಜಿ ಐರನ್ ಪ್ರಶ್ನೆ. ಮೊದಲು ಲೆಕ್ಕ: ಒಳ್ಳೆಯ ಒಂದು ಕೆಜಿಗೆ 12 ರೂಪಾಯಿ ಲಾಭ, ರಿಜೆಕ್ಟಾದ ಒಂದು ಕೆಜಿಗೆ 60 ರೂಪಾಯಿ ನಷ್ಟ ಎಂದು ಇಟ್ಟುಕೊಳ್ಳಿ. 100 ಕೆಜಿಯಲ್ಲಿ 17 ಕೆಜಿ ರಿಜೆಕ್ಟಾದರೆ ಲಾಭ ಪೂರ್ತಿ ತೊಳೆದುಹೋಗುತ್ತದೆ. ನಿಮ್ಮ ಅಂಕಿಗಳನ್ನು ಹಾಕಿ ನಿಮ್ಮ ಗೆರೆ ಕಂಡುಕೊಳ್ಳಿ. ಬಳಿಕ ಹಿರಿಯರನ್ನೂ ಮಷಿನ್ ಶಾಪ್‌ನವರನ್ನೂ ಬೇರೆ ಬೇರೆಯಾಗಿ ಕೇಳಿ: ಮೊದಲ ಮೂರು ತಿಂಗಳು ರಿಜೆಕ್ಷನ್ ಕಡಿಮೆಯೆಂದರೆ ಎಷ್ಟು, ಹೆಚ್ಚೆಂದರೆ ಎಷ್ಟು? ಒಂದೇ ಅಂಕಿ ಕೇಳಬೇಡಿ, ಮಾಲೀಕರಿಗೆ ಹಿತವಾಗುವ ಅಂಕಿ ಬರುತ್ತದೆ. "8ರಿಂದ 22" ಎಂದು ಬಂದರೆ ನಿಮ್ಮ ಗೆರೆ ಅದರೊಳಗೇ ಇದೆ ಎಂದರ್ಥ. ಆಗ ಪೂರ್ತಿ ಆರ್ಡರ್‌ಗೆ ಸಹಿ ಹಾಕುವ ಬದಲು ಟ್ರಯಲ್ ಲಾಟ್ ಕೇಳುವುದು ಸರಿಯಾದ ದಾರಿ.

ಮುಂದಿನದು ಕ್ಲೈನ್ ಅವರದೇ ಇನ್ನೊಂದು ಸಾಧನ, ಪ್ರೀ-ಮಾರ್ಟಮ್. ಆರರಿಂದ ಎಂಟು ಜನ, ಒಂದು ಗಂಟೆ. "ಒಂದು ವರ್ಷ ಕಳೆದಿದೆ, ಎಸ್‌ಜಿ ಕೆಲಸ ಪೂರ್ತಿ ಮುಳುಗಿದೆ. ಏಕೆ ಮುಳುಗಿತು, ಬರೆಯಿರಿ" ಎಂದು ಹೇಳಿ. ಮೂರು ನಿಮಿಷ ಯಾರೂ ಮಾತಾಡದೆ ಬರೆಯಬೇಕು. ಆಮೇಲೆ ಒಬ್ಬೊಬ್ಬರು ಒಂದೊಂದೇ ಕಾರಣ ಓದಬೇಕು, ಕಿರಿಯರು ಮೊದಲು, ಮಾಲೀಕರು ಕಡೆಗೆ. "ಈ ಯೋಜನೆಯಲ್ಲಿ ಏನಾದರೂ ತೊಂದರೆ ಇದೆಯೇ?" ಎಂದು ಕೇಳಿದರೆ ನಮ್ಮ ಮೀಟಿಂಗ್‌ಗಳಲ್ಲಿ ಎಲ್ಲರೂ ಸುಮ್ಮನಿರುತ್ತಾರೆ. ಮುಳುಗಿಯೇ ಹೋಗಿದೆ ಎಂದಮೇಲೆ ಕಾರಣ ಹೇಳುವುದು ಎದುರುಮಾತಾಗಿ ಉಳಿಯುವುದಿಲ್ಲ.

ಫರ್ನೇಸ್ ಬಳಿ ನಿಂತವರಿಂದ ಬರುವ ಕಾರಣಗಳ ತೂಕವೇ ಬೇರೆ. ಮೆಗ್ನೀಸಿಯಂ ಟ್ರೀಟ್‌ಮೆಂಟ್ ಆದಮೇಲೆ ಹತ್ತು ನಿಮಿಷದೊಳಗೆ ಹೊಯ್ಯದಿದ್ದರೆ ಅದರ ಪರಿಣಾಮ ಇಳಿಯುತ್ತದೆ, ನಮ್ಮ ಕ್ರೇನ್ ಒಂದೇ. ಎಸ್‌ಜಿಯ ರನ್ನರ್-ರೈಸರ್ ತುಂಡುಗಳು (ಅಚ್ಚಿಗೆ ಲೋಹ ಹರಿದ ದಾರಿಯಲ್ಲಿ ಗಟ್ಟಿಯಾಗಿ ಉಳಿದವು) ಗ್ರೇ ಐರನ್ ಸ್ಕ್ರ್ಯಾಪ್ ರಾಶಿಗೆ ಸೇರಿದರೆ ಈಗಿರುವ ಒಳ್ಳೆಯ ಕೆಲಸವೂ ಕೆಡುತ್ತದೆ, ಅಂಗಳದಲ್ಲಿ ಎರಡನೇ ರಾಶಿಗೆ ಜಾಗವಿಲ್ಲ. ಗ್ರ್ಯಾಫೈಟ್ ಗುಂಡಗಾಗಿದೆಯೇ ಎಂದು ಕೊನೆಯ ಅಚ್ಚಿನ ತುಂಡನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡಬಲ್ಲವರು ರಾತ್ರಿ ಪಾಳಿಯಲ್ಲಿಲ್ಲ. ಕೊಟೇಶನ್ ತಯಾರಿಸುವವರ ಎಕ್ಸೆಲ್‌ನಲ್ಲಿ ಈ ಮೂರೂ ಇರುವುದಿಲ್ಲ. ಪ್ರತಿ ಕಾರಣಕ್ಕೂ ಒಬ್ಬರ ಹೆಸರು, ಒಂದು ತಾರೀಖು ಮತ್ತು ಒಂದು ಮೊತ್ತ ಬರೆದು, ಆ ಮೊತ್ತವನ್ನು ಆರ್ಡರ್‌ನ ದರಕ್ಕೆ ಸೇರಿಸಿ. ಸೇರಿಸಿದಮೇಲೂ ದರ ನಿಲ್ಲುತ್ತದೆಯೇ ನೋಡಿ.

ತೀರ್ಮಾನವಾದ ದಿನವೇ ಅರ್ಧ ಪುಟದ ನಿರ್ಧಾರ ಚೀಟಿ ಬರೆಯಿರಿ: ಏನು ನಿರ್ಧರಿಸಿದೆವು, ಬಿಟ್ಟ ಬೇರೆ ದಾರಿ ಯಾವುದು, ಯಾವ ಊಹೆಯ ಮೇಲೆ ನಿಂತಿದ್ದೇವೆ, ಯಾವ ಅಂಕಿ ಕಂಡರೆ ಹಿಂದೆ ಸರಿಯುತ್ತೇವೆ. ಸಹಿ ಹಾಕಿ, ಆರು ತಿಂಗಳ ನಂತರದ ತಾರೀಖು ಹಾಕಿಡಿ. ಚೀಟಿ ಇಲ್ಲದಿದ್ದರೆ ಆರು ತಿಂಗಳಿಗೆ ಎಲ್ಲರೂ "ನಾನು ಮೊದಲೇ ಹೇಳಿದ್ದೆ" ಎನ್ನುತ್ತಾರೆ, ಯಾರ ಊಹೆ ಎಲ್ಲಿ ತಪ್ಪಿತೆಂದು ಕಲಿಯಲು ಆಗುವುದೇ ಇಲ್ಲ.

ನಿವೃತ್ತಿಯ ನಂತರದ ಮೂರು ತಿಂಗಳು

ಹಿರಿಯರನ್ನು ವಾರಕ್ಕೆ ಒಂದು ದಿನ, ಮೊದಲೇ ಒಪ್ಪಿಕೊಂಡ ದಿನಗೂಲಿಗೆ, ಮೂರು ತಿಂಗಳು ಕರೆಸಿ. "ಏನಾದರೂ ಇದ್ದರೆ ಫೋನ್ ಮಾಡ್ತೇವೆ" ಎಂದು ಬಿಟ್ಟರೆ ಅವರ ದುಡಿಮೆಯನ್ನು ಪುಕ್ಕಟೆ ಪಡೆದಂತಾಗುತ್ತದೆ. ಅವರು ಬರುವ ದಿನ ಫರ್ನೇಸ್ ಅವರ ಕೈಗೆ ಕೊಡಬೇಡಿ, ಶಿಷ್ಯನ ರಿಜಿಸ್ಟರ್ ನೋಡಲಿ. ನಡುವೆ ಅವರಿಗೆ ಹೋದ ಪ್ರತಿ ಫೋನ್ ಕರೆಯನ್ನು ಒಂದು ಪುಸ್ತಕದಲ್ಲಿ ಬರೆದಿಡಿ: ಯಾವ ಹೀಟ್, ಏನು ಕಂಡಿತು, ಏನು ಕೇಳಿದಿರಿ, ಅವರು ಏನು ಹೇಳಿದರು. ಒಂದೇ ಪ್ರಶ್ನೆ ಎರಡು ಸಲ ಬಂದಿದ್ದರೆ ಅದಕ್ಕೊಂದು ಹಾಳೆ ಇನ್ನೂ ಆಗಿಲ್ಲ ಎಂದರ್ಥ. ಮುಂದಿನ ಸಲ ಅವರು ಬಂದಾಗ ಮೊದಲು ಕೂರಬೇಕಾದದ್ದು ಆ ಹಾಳೆಗೆ.